ಎಂಟೂ ಗ್ರಹಗಳಿಗೆ ಒಂದೇ ಥರ ಇರೋದು ಏನೇನು? ವ್ಯತ್ಯಾಸ ಬೇಡ, ಸಾಮ್ಯ ಬೇಕು

ಶಿರಾದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಶಿರಾದಲ್ಲೇ ಓದುತ್ತಿದ್ದಾಳೆ. ಶಾಲೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನ ಇದೆ. ಸೌರಮಂಡಲ ಅಂದ ತಕ್ಷಣ ಮಕ್ಕಳೆಲ್ಲ ಥರ್ಮೋಕೋಲ್ ಉಂಡೆಗೆ ಬಣ್ಣ ಬಳಿದು, ಯಾವುದು ದೊಡ್ಡದು, ಯಾವುದು ಚಿಕ್ಕದು, ಯಾವುದಕ್ಕೆ ಉಂಗುರ ಇದೆ ಅಂತ ಚಾರ್ಟ್ ಅಂಟಿಸಿಕೊಂಡು ಬರುತ್ತಾರಲ್ಲ, ಅದನ್ನೇ ನೋಡಿ ನೋಡಿ ಅವರ ಸೈನ್ಸ್ ಮಿಸ್ಸಿಗೆ ಸಾಕಾಗಿದೆಯಂತೆ. ಅದಕ್ಕೆ ಇವಳಿಗೆ, "ನೀನು ವ್ಯತ್ಯಾಸ ಹೇಳಬೇಡ, ಎಂಟಕ್ಕೂ ಒಂದೇ ಥರ ಇರೋದು ಏನು ಅಂತ ಹೇಳು, ಯಾಕೆ ಅಂತಲೂ ಹೇಳು" ಅಂದಿದ್ದಾರೆ.

ಫೋನಲ್ಲಿ ಹುಡುಕಿ ಒಂದು ಪಟ್ಟಿ ಮಾಡಿಕೊಂಡಿದ್ದಾಳೆ. ಎಲ್ಲವೂ ಗುಂಡಗಿವೆ, ಸೂರ್ಯನನ್ನು ಸುತ್ತುತ್ತವೆ, ತಮ್ಮಷ್ಟಕ್ಕೆ ತಾವೂ ತಿರುಗುತ್ತವೆ, ಎಲ್ಲಕ್ಕೂ ವಾತಾವರಣ ಇದೆ, ಚಂದ್ರ ಇದೆ, ಗುರುತ್ವ ಇದೆ, ಅಯಸ್ಕಾಂತದ ಗುಣ ಇದೆ, ಯಾವುದಕ್ಕೂ ಸ್ವಂತ ಬೆಳಕಿಲ್ಲ. ಇಷ್ಟು. ನನಗೆ ಅರ್ಧದ ಮೇಲೆ ಅನುಮಾನ. ಚಂದ್ರ ಎಲ್ಲಾ ಗ್ರಹಕ್ಕೂ ಇದೆಯಾ? ಗುರುತ್ವ ಕಲ್ಲಿಗೂ ಇರುತ್ತೆ ಅಲ್ವಾ, ಅದನ್ನು ಗ್ರಹದ ಗುಣ ಅಂತ ಬರೆಯಬಹುದಾ? ನಾನು ಓದಿದ್ದು ಕಾಮರ್ಸು, ಇದರಲ್ಲಿ ಕೈ ಹಾಕೋಕೆ ಧೈರ್ಯ ಇಲ್ಲ.

ಇನ್ನೊಂದು ವಿಷಯ. ನಮ್ಮ ಅತ್ತೆ "ನವಗ್ರಹ ಅಂದರೆ ಒಂಬತ್ತು, ನಿಮ್ಮ ಪುಸ್ತಕದಲ್ಲಿ ಎಂಟು ಹೇಗಾಯಿತು" ಅಂತ ಮೊಮ್ಮಗಳನ್ನು ಬಿಡದೆ ಕೇಳುತ್ತಿದ್ದಾರೆ. ಅದಕ್ಕೂ ಒಂದು ಉತ್ತರ ಸಿಕ್ಕರೆ ಮನೆಯಲ್ಲಿ ಶಾಂತಿ.

ಮಾಲೂರು ಮೇಷ್ಟ್ರು

ಒಳ್ಳೆ ಮಿಸ್ಸು ಸಿಕ್ಕಿದ್ದಾರಮ್ಮ ನಿಮ್ಮ ಮಗಳಿಗೆ. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವನು ನಾನು, ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ನೋಡಲಿಲ್ಲ. ಬರೀ "ಅತಿ ದೊಡ್ಡ ಗ್ರಹ ಯಾವುದು" ಅಷ್ಟೇ.

ಮೊದಲು ಪಟ್ಟಿಯಿಂದ ಕಿತ್ತು ಹಾಕಬೇಕಾದ್ದನ್ನು ಹಾಕಿಬಿಡೋಣ. ಚಂದ್ರ ಹೋಗಲಿ, ಬುಧಕ್ಕೂ ಇಲ್ಲ ಶುಕ್ರಕ್ಕೂ ಇಲ್ಲ. ಅಯಸ್ಕಾಂತವೂ ಹೋಗಲಿ. ಶುಕ್ರಕ್ಕೆ ತನ್ನದೇ ಆದ ಕಾಂತಕ್ಷೇತ್ರ ಇಲ್ಲ. ಮಂಗಳಕ್ಕೆ ಹಿಂದೆ ಯಾವಾಗಲೋ ಇತ್ತು, ಈಗ ಅಲ್ಲಲ್ಲಿ ಬಂಡೆಗಳಲ್ಲಿ ಅದರ ಗುರುತು ಉಳಿದಿದೆ. ವಾತಾವರಣದ ವಿಷಯದಲ್ಲಿ ಬುಧ ತಕರಾರು ಮಾಡುತ್ತದೆ. ಅಲ್ಲಿ ಸೋಡಿಯಂ, ಹೈಡ್ರೋಜನ್, ಹೀಲಿಯಂ ಕಣಗಳು ನೆಲದ ಮೇಲೆ ಹಾರಾಡುತ್ತಿರುತ್ತವೆ, ಆದರೆ ಎಷ್ಟು ತೆಳು ಅಂದರೆ ಒಂದು ಕಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದೇ ಅಪರೂಪ. ಅದಕ್ಕೆ ವಾತಾವರಣ ಅನ್ನೋ ಮರ್ಯಾದೆ ನಾನಂತೂ ಕೊಡುವುದಿಲ್ಲ.

ಗುರುತ್ವದ ಬಗ್ಗೆ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಗುರುತ್ವ ಇರುವುದು ದೊಡ್ಡ ವಿಷಯ ಅಲ್ಲ, ತನ್ನನ್ನೇ ತಾನು ಉಂಡೆ ಕಟ್ಟಿಕೊಳ್ಳುವಷ್ಟು ಇರುವುದು ವಿಷಯ. ಮಂಗಳದ ಚಂದ್ರ ಫೋಬೋಸ್ ನೋಡಿ, ಉದ್ದ ಸುಮಾರು 27 ಕಿ.ಮೀ., ಆಕಾರ ಸೊಟ್ಟಾಪಟ್ಟಾ. ಕಲ್ಲಿನ ಗಟ್ಟಿತನ ಅಲ್ಲಿ ಗೆಲ್ಲುತ್ತದೆ. ಕಾಯ ದೊಡ್ಡದಾದಂತೆ ಕಲ್ಲು ಸೋಲುತ್ತದೆ, ಎತ್ತರ ಇದ್ದದ್ದು ಕುಸಿಯುತ್ತದೆ, ಎಲ್ಲ ಕಡೆಯಿಂದಲೂ ನಡುವಿಗೆ ಒತ್ತಿಕೊಂಡು ಗುಂಡಗಾಗುತ್ತದೆ. ನಂದಿಬೆಟ್ಟ ಸಮುದ್ರ ಮಟ್ಟದಿಂದ 1478 ಮೀಟರ್, ಎವರೆಸ್ಟ್ ಸುಮಾರು 8.8 ಕಿ.ಮೀ., ಅದಕ್ಕಿಂತ ತುಂಬಾ ಮೇಲೆ ಭೂಮಿಯಲ್ಲಿ ಬೆಟ್ಟ ಏಳಲಾರದು, ತನ್ನ ಭಾರಕ್ಕೆ ಬುಡವೇ ತಾಳುವುದಿಲ್ಲ. ಮಂಗಳದಲ್ಲಿ ಗುರುತ್ವ ನಮ್ಮದರ ನೂರಕ್ಕೆ 38 ಪಾಲು ಮಾತ್ರ, ಅದಕ್ಕೇ ಅಲ್ಲಿ ಒಲಿಂಪಸ್ ಮಾನ್ಸ್ ಅನ್ನೋ ಜ್ವಾಲಾಮುಖಿ 20 ಕಿ.ಮೀ. ದಾಟಿ ನಿಂತಿದೆ. ನಿಮ್ಮ ಮಗಳು ಇದೊಂದನ್ನು ಸರಿಯಾಗಿ ವಿವರಿಸಿದರೂ ಸಾಕು.

ಈಗ ಮುಖ್ಯವಾದ್ದು. 2006ರಲ್ಲಿ ಪ್ರಾಗ್ ನಗರದಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದವರು ಗ್ರಹ ಅಂದರೆ ಏನು ಅಂತ ತೀರ್ಮಾನ ಮಾಡಿದರು. ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ಗುಂಡಗಾಗಿರಬೇಕು, ತನ್ನ ದಾರಿಯ ಆಸುಪಾಸನ್ನು ಚೊಕ್ಕ ಮಾಡಿಕೊಂಡಿರಬೇಕು. ಹಾಗಾಗಿ ಗುಂಡಗಿರುವುದು, ಸೂರ್ಯನನ್ನು ಸುತ್ತುವುದು ಎಲ್ಲ ಗ್ರಹಕ್ಕೂ ಇದ್ದೇ ಇದೆ, ಯಾಕೆಂದರೆ ಇಲ್ಲದವರನ್ನು ನಾವು ಗ್ರಹ ಅಂತ ಕರೆಯಲೇ ಇಲ್ಲ! ಅದರಲ್ಲಿ ಆಶ್ಚರ್ಯ ಪಡುವುದಕ್ಕೆ ಏನೂ ಇಲ್ಲ.

ಆಶ್ಚರ್ಯ ಇರುವುದು ಷರತ್ತಿನಲ್ಲಿ ಇಲ್ಲದೆಯೂ ಎಂಟಕ್ಕೂ ಹೊಂದುವ ಗುಣಗಳಲ್ಲಿ. ಎಂಟೂ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಎಂಟೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಭೂಮಿಯ ಕಕ್ಷೆಯ ಮಟ್ಟಕ್ಕೆ ಹೋಲಿಸಿದರೆ ಬುಧ 7 ಡಿಗ್ರಿ, ಶುಕ್ರ 3.4 ಡಿಗ್ರಿ ಓರೆ, ಮಿಕ್ಕವೆಲ್ಲ ಎರಡೂವರೆ ಡಿಗ್ರಿಯ ಒಳಗೆ. ಹೀಗೇ ಇರಬೇಕು ಅಂತ ಯಾರೂ ಷರತ್ತು ಹಾಕಿಲ್ಲ. ಮಗಳ ಪ್ರಾಜೆಕ್ಟ್ ಇದರ ಮೇಲೆ ನಿಲ್ಲಲಿ ಅಂತ ನನ್ನ ಅಭಿಪ್ರಾಯ.

ಟೆರೇಸ್ ಟೆಲಿಸ್ಕೋಪ್, ಚಿಂತಾಮಣಿ

ಮೇಷ್ಟ್ರು ಹೇಳಿದ ಒಂದೇ ಮಟ್ಟ ಅನ್ನೋದನ್ನು ಪುಸ್ತಕ ಇಲ್ಲದೆ ಕಣ್ಣಲ್ಲೇ ನೋಡಬಹುದು ಅಕ್ಕ, ಟೆಲಿಸ್ಕೋಪೂ ಬೇಡ. ಸಂಜೆ ಹೊತ್ತು ಎರಡು ಮೂರು ಗ್ರಹ ಒಟ್ಟಿಗೆ ಕಾಣುವ ಕಾಲ ಬರುತ್ತಿರುತ್ತದೆ. ಆಗ ಮಗಳನ್ನು ಮಹಡಿ ಮೇಲೆ ಕರೆದುಕೊಂಡು ಹೋಗಿ. ಸೂರ್ಯ ಮುಳುಗಿದ ಜಾಗ ಗುರುತು ಇಟ್ಟುಕೊಳ್ಳಿ. ಅಲ್ಲಿಂದ ಶುಕ್ರ, ಶುಕ್ರದಿಂದ ಗುರು, ಗುರುವಿನಿಂದ ಚಂದ್ರ ಇದ್ದರೆ ಚಂದ್ರ, ಹೀಗೆ ಬೆರಳಿಟ್ಟು ಎಳೆಯುತ್ತಾ ಹೋಗಲಿ. ಆಕಾಶದಲ್ಲಿ ಒಂದೇ ಕಮಾನು ಬರುತ್ತದೆ. ಶನಿ, ಮಂಗಳ ಇದ್ದರೆ ಅವೂ ಅದೇ ಕಮಾನಿನ ಆಸುಪಾಸಿನಲ್ಲೇ. ಧ್ರುವ ನಕ್ಷತ್ರದ ಪಕ್ಕ ಗುರು ಗ್ರಹ ಕಂಡಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ವಿಮಾನ.

ಯಾಕೆ ಕಮಾನು ಅಂದರೆ ನಾವೂ ಅದೇ ಮಟ್ಟದ ಒಳಗೇ ಕೂತು ನೋಡುತ್ತಿದ್ದೇವೆ. ತಟ್ಟೆಯ ಅಂಚಿಗೆ ಕಣ್ಣಿಟ್ಟು ನೋಡಿದರೆ ತಟ್ಟೆ ಗೆರೆಯಾಗಿ ಕಾಣುತ್ತಲ್ಲ, ಅದೇ ಕಥೆ.

ಸ್ವಂತ ಬೆಳಕಿಲ್ಲ ಅನ್ನೋದು ಎಂಟಕ್ಕೂ ಸರಿ, ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲಿ. ಇದಕ್ಕೆ ಸಾಕ್ಷಿ ಶುಕ್ರ. ಸಣ್ಣ ಟೆಲಿಸ್ಕೋಪಲ್ಲಿ ನೋಡಿದರೆ ಶುಕ್ರ ಪೂರ್ತಿ ಗುಂಡಗೆ ಕಾಣುವುದೇ ಕಡಿಮೆ, ಕೆಲವು ಸಲ ಅರ್ಧ, ಕೆಲವು ಸಲ ಬಿದಿಗೆ ಚಂದ್ರನ ಹಾಗೆ ಎಳೆ. ಸೂರ್ಯನ ಕಡೆಯ ಮುಖ ಮಾತ್ರ ಬೆಳಗಿರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗೆಲಿಲಿಯೊ 1610ರಲ್ಲಿ ಕಂಡದ್ದೂ ಇದನ್ನೇ. ಮೊದಲ ಸಲ ಪಕ್ಕದ ಮನೆಯವರಿಗೆ ತೋರಿಸಿದಾಗ "ಇದು ಚಂದ್ರ ಕಣಪ್ಪ, ನಮಗೇ ಯಾಮಾರಿಸ್ತೀಯಾ" ಅಂದರು. ಚಂದ್ರ ಆ ಹೊತ್ತಿಗೆ ಹುಟ್ಟೇ ಇರಲಿಲ್ಲ.

ಇನ್ನೊಂದು ಚಿಕ್ಕ ವಿಷಯ. ಗುಂಡಗೆ ಅಂದರೆ ಪಕ್ಕಾ ಗುಂಡಗಲ್ಲ. ಬೇಗ ತಿರುಗುವ ಗ್ರಹಗಳ ಸೊಂಟ ಒಂಚೂರು ದಪ್ಪ. ಭೂಮಿಯಲ್ಲಿ ಈ ವ್ಯತ್ಯಾಸ ಬರೀ 43 ಕಿ.ಮೀ. ಶನಿ ಹತ್ತೂವರೆ ಗಂಟೆಗೆ ಒಂದು ಸುತ್ತು ಹೊಡೆಯುತ್ತದೆ, ಮೈಯೆಲ್ಲ ಅನಿಲ ಬೇರೆ, ಅದರ ಅಡ್ಡಳತೆ ಉದ್ದಳತೆಗಿಂತ ಸುಮಾರು 11,800 ಕಿ.ಮೀ. ಜಾಸ್ತಿ. ಅಂದರೆ ಹತ್ತಿರ ಹತ್ತಿರ ಒಂದು ಭೂಮಿಯಷ್ಟು ಬೊಜ್ಜು! ನನ್ನ ಟೆಲಿಸ್ಕೋಪಲ್ಲೂ ಶನಿ ಚಪ್ಪಟೆ ಅಂತ ಗೊತ್ತಾಗುತ್ತದೆ. ಆದರೆ ನೋಡಿದವರೆಲ್ಲ ಉಂಗುರಕ್ಕೆ ಬಾಯಿ ಬಿಡುತ್ತಾರೆ, ಚಪ್ಪಟೆ ಯಾರಿಗೂ ಕಾಣುವುದಿಲ್ಲ.

ಶಿರಾದ ಅಮ್ಮ

ಇಷ್ಟೊಂದು ಬರೆದಿದ್ದೀರ, ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಚಿಂತಾಮಣಿ ತಮ್ಮನಿಗೂ. ಮಗಳು ಓದಿ ಒಂದು ಪ್ರಶ್ನೆ ಕೇಳಿದಳು. ಒಂದೇ ದಿಕ್ಕು ಅಂತೀರ, ಶುಕ್ರ ಉಲ್ಟಾ ತಿರುಗುತ್ತೆ, ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಅಂತ ಅವಳ ಪುಸ್ತಕದಲ್ಲೇ ಇದೆ. ಯಾವುದು ಸರಿ?

ಮಾಲೂರು ಮೇಷ್ಟ್ರು

ಎರಡೂ ಸರಿ. ಮಗುವಿಗೆ ಶಭಾಷ್ ಹೇಳಿ. ಸೂರ್ಯನನ್ನು ಸುತ್ತುವುದು ಬೇರೆ, ತನ್ನ ಅಕ್ಷದ ಮೇಲೆ ತಿರುಗುವುದು ಬೇರೆ. ಸುತ್ತುವುದರಲ್ಲಿ ಎಂಟೂ ಒಂದೇ ದಿಕ್ಕು, ಯಾವುದೂ ತಪ್ಪಿಲ್ಲ. ಉತ್ತರದ ಕಡೆಯಿಂದ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು. ನಾವು ದೇವಸ್ಥಾನದಲ್ಲಿ ಹಾಕುವ ಪ್ರದಕ್ಷಿಣೆಗೆ ಉಲ್ಟಾ ಅಂತ ನಿಮ್ಮ ಅತ್ತೆಗೆ ಹೇಳಬೇಡಿ, ಬೇಜಾರಾದಾರು. ದಕ್ಷಿಣದ ಕಡೆಯಿಂದ ನೋಡಿದರೆ ಅದೇ ಪ್ರದಕ್ಷಿಣೆ, ಹಾಗೆ ಹೇಳಿ.

ತಮ್ಮಷ್ಟಕ್ಕೆ ತಿರುಗುವುದರಲ್ಲಿ ಆರು ಗ್ರಹ ಅದೇ ದಿಕ್ಕಿಗೆ. ಶುಕ್ರ ಎದುರು ದಿಕ್ಕಿಗೆ, ಅದೂ ನಿಧಾನಕ್ಕೆ, ಒಂದು ಸುತ್ತಿಗೆ ನಮ್ಮ 243 ದಿನ. ಸೂರ್ಯನನ್ನು ಸುತ್ತಿ ಬರಲು ಅದಕ್ಕೆ 225 ದಿನ ಸಾಕು. ಅಂದರೆ ಅಲ್ಲಿ ವರ್ಷ ಮುಗಿದರೂ ಒಂದು ಸುತ್ತು ತಿರುಗಿ ಮುಗಿದಿರುವುದಿಲ್ಲ. ಯುರೇನಸ್ 98 ಡಿಗ್ರಿ ವಾಲಿದೆ, ಮಲಗಿಕೊಂಡೇ ಉರುಳುತ್ತದೆ. ಹುಟ್ಟಿದ ಮೇಲೆ ದೊಡ್ಡದೊಂದು ಕಾಯ ಬಂದು ಗುದ್ದಿ ಯುರೇನಸ್ ವಾಲಿರಬೇಕು ಅನ್ನೋದು ಹೆಚ್ಚಿನವರ ಊಹೆ. ಶುಕ್ರಕ್ಕೆ ಅದರ ದಪ್ಪ ವಾತಾವರಣದ ಎಳೆತವೇ ಕಾರಣ ಅಂತ ಕೆಲವರು, ಅದಕ್ಕೂ ಡಿಕ್ಕಿಯೇ ಅಂತ ಕೆಲವರು, ಇನ್ನೂ ಇತ್ಯರ್ಥ ಆಗಿಲ್ಲ.

ಸುತ್ತುವುದರಲ್ಲಿ ಮಾತ್ರ ಯಾಕೆ ಇಷ್ಟು ಶಿಸ್ತು? ಹುಟ್ಟಿನಿಂದ ಬಂದದ್ದು. ಸುಮಾರು 460 ಕೋಟಿ ವರ್ಷದ ಹಿಂದೆ ಇಲ್ಲಿ ಸೂರ್ಯನೂ ಇರಲಿಲ್ಲ, ಅನಿಲ ಮತ್ತು ದೂಳಿನ ದೊಡ್ಡ ಮೋಡ ಇತ್ತು. ಅದರ ಕಣಗಳು ಅಡ್ಡಾದಿಡ್ಡಿ ಓಡುತ್ತಿದ್ದವು, ಆದರೆ ಎಲ್ಲವನ್ನೂ ಕೂಡಿಸಿ ಕಳೆದರೆ ಒಂದು ಕಡೆಗೆ ಒಂಚೂರು ಸುತ್ತು ಜಾಸ್ತಿ ಇತ್ತು. ಮೋಡ ತನ್ನ ಗುರುತ್ವಕ್ಕೆ ಕುಸಿಯುತ್ತಾ ಚಿಕ್ಕದಾಯಿತು, ಸುತ್ತುವ ವೇಗ ಏರಿತು. ಮೇಲಿನಿಂದ ಕೆಳಕ್ಕೆ ಹೋಗುವ ಕಣ, ಕೆಳಗಿನಿಂದ ಮೇಲಕ್ಕೆ ಬರುವ ಕಣ ಡಿಕ್ಕಿ ಹೊಡೆದುಕೊಂಡು ಆ ಓಟ ಕಳೆದುಕೊಂಡವು. ಸುತ್ತುವ ಓಟ ಮಾತ್ರ ಕಳೆಯಲಿಲ್ಲ, ಯಾಕೆಂದರೆ ಅದಕ್ಕೆ ಎದುರಾಗಿ ಅಷ್ಟೇ ಬಲದಲ್ಲಿ ಬರುವವರು ಇರಲಿಲ್ಲ. ಮೇಲೆ ಕೆಳಗೆ ಹೋಯಿತು, ಸುತ್ತು ಉಳಿಯಿತು, ಮೋಡ ಚಪ್ಪಟೆಯಾಯಿತು. ನಡುವಿನದು ಸೂರ್ಯ ಆಯಿತು, ಇಡೀ ಸೌರಮಂಡಲದ ದ್ರವ್ಯದಲ್ಲಿ ನೂರಕ್ಕೆ 99.8ಕ್ಕಿಂತ ಜಾಸ್ತಿ ಅದೇ ನುಂಗಿತು. ಉಳಿದ ಚೂರುಪಾರಿನಲ್ಲಿ ನಾವೆಲ್ಲ. ಸೂರ್ಯ ತಿರುಗುವುದೂ ಇದೇ ದಿಕ್ಕಿಗೆ, ಅದರ ನಡುಪಟ್ಟಿ ಸುಮಾರು 25 ದಿನಕ್ಕೆ ಒಂದು ಸುತ್ತು.

ಜರ್ಮನಿಯ ತತ್ವಜ್ಞಾನಿ ಕ್ಯಾಂಟ್ 1755ರಲ್ಲಿ, ಫ್ರಾನ್ಸಿನ ಗಣಿತಜ್ಞ ಲಪ್ಲಾಸ್ 1796ರಲ್ಲಿ ಹೆಚ್ಚುಕಡಿಮೆ ಈ ಥರದ್ದೇ ಹೇಳಿದ್ದರು. ಅವರ ಬಳಿ ಇದ್ದ ದೊಡ್ಡ ಸುಳಿವೂ ಇದೇ: ಒಂದೇ ದಿಕ್ಕು, ಒಂದೇ ಮಟ್ಟ.

ಪಂಚಾಂಗದ ಮನೆ ಹುಡುಗ, ತಿಪಟೂರು

ಅತ್ತೆಯವರ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ತಾತ ಪಂಚಾಂಗ ನೋಡಿ ಹೇಳುತ್ತಿದ್ದರು, ನಾನು ಓದಿದ್ದು ಇಂಜಿನಿಯರಿಂಗು.

ನವಗ್ರಹದಲ್ಲಿ ಬುಧ, ಶುಕ್ರ, ಮಂಗಳ, ಗುರು, ಶನಿ ಈ ಐದು ಇವತ್ತಿನ ಲೆಕ್ಕಕ್ಕೂ ಗ್ರಹಗಳೇ. ರವಿ ನಕ್ಷತ್ರ, ಚಂದ್ರ ಉಪಗ್ರಹ. ರಾಹು, ಕೇತು ವಸ್ತುಗಳೇ ಅಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು. ಗ್ರಹಣ ಆಗುವುದು ಆ ಬಿಂದುಗಳ ಹತ್ತಿರವೇ. ಆ ಪಟ್ಟಿಯಲ್ಲಿ ಭೂಮಿ ಇಲ್ಲ, ನಿಂತು ನೋಡುವ ಜಾಗ ಅದು. ಯುರೇನಸ್, ನೆಪ್ಚೂನ್ ಟೆಲಿಸ್ಕೋಪ್ ಬಂದ ಮೇಲೆ, 1781ರಲ್ಲಿ ಮತ್ತು 1846ರಲ್ಲಿ ಸಿಕ್ಕವು. ಆಕಾಶದಲ್ಲಿ ನಕ್ಷತ್ರಗಳ ನಡುವೆ ಜಾಗ ಬದಲಿಸುವುದನ್ನೆಲ್ಲ ಒಂದು ಪಟ್ಟಿಗೆ ಸೇರಿಸಿದ್ದು ನವಗ್ರಹ, ಸೂರ್ಯನನ್ನು ಸುತ್ತುವ ದೊಡ್ಡ ಕಾಯಗಳದು ಇನ್ನೊಂದು ಪಟ್ಟಿ. ಎರಡೂ ಪಟ್ಟಿ ಅವುಗಳ ಜಾಗದಲ್ಲಿ ಇರಲಿ, ಜಗಳ ಬೇಡ.

ಆದರೆ ಅತ್ತೆಯವರಿಗೆ ಹಿಡಿಸುವ ಮಾತು ಬೇರೆ ಇದೆ. ಹನ್ನೆರಡು ರಾಶಿ ಅನ್ನೋ ಪದ್ಧತಿ ನಡೆಯುವುದೇ ಮೇಷ್ಟ್ರು ಹೇಳಿದ ಒಂದೇ ಮಟ್ಟದಿಂದ. ಗ್ರಹಗಳು ಆಕಾಶದಲ್ಲಿ ಸಿಕ್ಕಸಿಕ್ಕ ಕಡೆ ಅಲೆಯುತ್ತಿದ್ದರೆ ಹನ್ನೆರಡು ಮನೆ ಎಲ್ಲಿ ಸಾಲುತ್ತಿತ್ತು? ಎಲ್ಲವೂ ಒಂದು ಕಿರಿದಾದ ಪಟ್ಟಿಯೊಳಗೇ ಓಡಾಡುತ್ತವೆ, ಅದಕ್ಕೇ ಆ ಪಟ್ಟಿಯನ್ನು ಹನ್ನೆರಡು ಪಾಲು ಮಾಡಿದರೆ ಸಾಕಾಯಿತು.

ಇನ್ನೂ ಒಂದು ಸಾಮ್ಯ ಇಲ್ಲೇ ಸಿಗುತ್ತದೆ. ಗುರು ಒಂದು ರಾಶಿಯಲ್ಲಿ ಒಂದು ವರ್ಷ. ಮದುವೆಗೆ ಗುರುಬಲ ನೋಡುವವರಿಗೆಲ್ಲ ಗೊತ್ತು. ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ, ಮೂರು ರಾಶಿ ಸೇರಿದರೆ ಏಳೂವರೆ, ಅದೇ ಸಾಡೇಸಾತಿ. ಹನ್ನೆರಡರಿಂದ ಗುಣಿಸಿ ನೋಡಿ: ಗುರುವಿಗೆ ಹನ್ನೆರಡು, ಶನಿಗೆ ಮೂವತ್ತು. ಖಗೋಳದವರ ಲೆಕ್ಕದಲ್ಲಿ ಗುರು 11.86 ವರ್ಷ, ಶನಿ 29.5 ವರ್ಷ. ಎಷ್ಟು ಹತ್ತಿರ!

ದೂರ ಇದ್ದಷ್ಟೂ ನಿಧಾನ. ಇದು ಸುಮ್ನೆ ನಿಧಾನ ಅಲ್ಲ, ಎಂಟಕ್ಕೂ ಒಂದೇ ಸೂತ್ರ. ಕೆಪ್ಲರ್ 1619ರಲ್ಲಿ ಕೊಟ್ಟದ್ದು. ಸೂರ್ಯನಿಂದ ಭೂಮಿಯ ದೂರವನ್ನು 1 ಅಂತ ಇಟ್ಟುಕೊಂಡು ಗ್ರಹದ ದೂರವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ (ಅಂದರೆ ಘನ), ವರ್ಗಮೂಲ ತೆಗೆದರೆ ಅದು ಸುತ್ತಿ ಬರುವ ವರ್ಷ. ಗುರುವಿನ ದೂರ 5.2. 5.2 × 5.2 × 5.2 ಅಂದರೆ 140.6. ವರ್ಗಮೂಲ 11.86. ಶುಕ್ರದ ದೂರ 0.723, ಮೂರು ಸಲ ಗುಣಿಸಿದರೆ 0.378, ವರ್ಗಮೂಲ 0.615 ವರ್ಷ, ಅಂದರೆ ಮೇಷ್ಟ್ರು ಹೇಳಿದ 225 ದಿನ. ಮಗಳು ಕ್ಯಾಲ್ಕುಲೇಟರ್ ಇಟ್ಟುಕೊಂಡು ಪ್ರದರ್ಶನಕ್ಕೆ ಬಂದವರ ಎದುರೇ ಮಾಡಿ ತೋರಿಸಲಿ. ಎಂಟು ಗ್ರಹದಲ್ಲಿ ಯಾವುದನ್ನು ಕೇಳಿದರೂ ತಪ್ಪುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಮ್ಯ ಇದೇ, ಗುಂಡಗಿರೋದು ಗಿಂಡಗಿರೋದು ಎಲ್ಲ ಆಮೇಲೆ.

ಕೆಜಿಎಫ್ ಮೊಮ್ಮಗ

ಎಲ್ಲರೂ ಹೊರಗಿನದನ್ನೇ ಹೇಳಿದಿರಿ, ಒಳಗಿನದು ಬೇಡವಾ?

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ 3 ಕಿ.ಮೀ.ಗಿಂತ ಆಳ, ಮುಚ್ಚಿದ್ದು 2001ರಲ್ಲಿ. ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ಇಳಿಸದೆ ಅಲ್ಲಿ ನಿಲ್ಲೋಕೇ ಆಗುತ್ತಿರಲಿಲ್ಲ ಅಂತ ತಾತ ಹೇಳುತ್ತಿದ್ದರು. ಬಂಡೆ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತಂತೆ, ಬೆವರು ಬೂಟಿನೊಳಗೆ ನಿಲ್ಲುತ್ತಿತ್ತಂತೆ. ಅಷ್ಟು ಕಷ್ಟಪಟ್ಟು ಇಳಿದದ್ದು ಎಷ್ಟು? ಭೂಮಿಯ ನಡುವಿಗೆ 6371 ಕಿ.ಮೀ. ಇದೆ, ಅದರಲ್ಲಿ ಎರಡು ಸಾವಿರದಲ್ಲಿ ಒಂದು ಪಾಲು!

ಒಳಗೆ ಬಿಸಿ ಯಾಕೆ ಅಂದರೆ ಒಂದು, ಹುಟ್ಟುವಾಗ ಚೂರುಗಳು ಬಂದು ಬಂದು ಗುದ್ದಿದ ಬಿಸಿ ಇನ್ನೂ ಪೂರ್ತಿ ಆರಿಲ್ಲ. ಎರಡು, ಯುರೇನಿಯಂ, ಥೋರಿಯಂ, ಒಂದು ಜಾತಿಯ ಪೊಟ್ಯಾಸಿಯಂ ಒಳಗೆ ಒಡೆಯುತ್ತಾ ಬಿಸಿ ಬಿಡುತ್ತಲೇ ಇವೆ. ಇದು ಎಲ್ಲ ಗ್ರಹಕ್ಕೂ ಬೇರೆ ಬೇರೆ ಮಟ್ಟದಲ್ಲಿ ಸೇರುತ್ತದೆ. ಒಂದು ಕಾಲದಲ್ಲಿ ಕರಗುವಷ್ಟು ಬಿಸಿ ಇದ್ದುದರಿಂದ ಭಾರದ್ದು ಕೆಳಗೆ ಇಳಿಯಿತು, ಹಗುರದ್ದು ಮೇಲೆ ಉಳಿಯಿತು. ಹಾಗಾಗಿ ಯಾವ ಗ್ರಹವೂ ಒಳಗೆಲ್ಲ ಒಂದೇ ಸಮ ಇಲ್ಲ, ಪದರ ಪದರ. ಬುಧ, ಶುಕ್ರ, ಭೂಮಿ, ಮಂಗಳಕ್ಕೆ ಕಬ್ಬಿಣದ ತಿರುಳು. ಬುಧದಲ್ಲಿ ಅದು ಎಷ್ಟು ದೊಡ್ಡದು ಅಂದರೆ ತ್ರಿಜ್ಯದಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ, ಮೇಲೆ ಕಲ್ಲಿನ ಪದರ ತೆಳು. ಗುರು, ಶನಿ, ಯುರೇನಸ್, ನೆಪ್ಚೂನಲ್ಲೂ ಭಾರದ ಸರಕು ನಡುವಿನ ಕಡೆಗೇ ಜಾಸ್ತಿ. ಗುರುವಿನ ತಿರುಳಿಗೆ ಸ್ಪಷ್ಟ ಅಂಚಿಲ್ಲ, ಹರಡಿಕೊಂಡಿದೆ ಅಂತ ಜುನೋ ನೌಕೆ ತಿಳಿಸಿದೆ. ಗುರು ಸೂರ್ಯನಿಂದ ತೆಗೆದುಕೊಳ್ಳುವ ಶಾಖಕ್ಕಿಂತ ಹೊರಗೆ ಬಿಡುವುದೇ ಜಾಸ್ತಿ, ಸ್ವಂತ ಬೆಳಕಿಲ್ಲದಿದ್ದರೂ ಸ್ವಂತ ಬಿಸಿ ಇದೆ.

ಅಗೆಯದೆ ಹೇಗೆ ಗೊತ್ತು ಅಂತ ಕೇಳಿದರೆ, ಭೂಕಂಪದ ಅಲೆಗಳಿಂದ. ಕೆಲವು ಜಾತಿಯ ಅಲೆ ದ್ರವದೊಳಗೆ ಹೋಗುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ, ಹಾಗಾಗಿ ಒಳಗೆ ಎಲ್ಲಿ ಕರಗಿದೆ ಅಂತ ತಿಳಿಯುತ್ತದೆ. ನಮ್ಮ ಪಕ್ಕದ ಗೌರಿಬಿದನೂರಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದವರ ಕಂಪನ ಮಾಪಕಗಳ ಸಾಲು 1960ರ ದಶಕದಿಂದ ಇದೆ. ಮಂಗಳಕ್ಕೂ 2018ರಲ್ಲಿ ಇನ್‌ಸೈಟ್ ನೌಕೆ ಅಂಥದ್ದೊಂದು ಮಾಪಕ ಹೊತ್ತುಕೊಂಡು ಹೋಗಿ ನೆಲದ ಮೇಲಿಟ್ಟಿತ್ತು.

ಸುಮ್ನೆ ಒಂದು ಮಾತು, ತುಮಕೂರು

ಎಲ್ಲ ಚೆನ್ನಾಗಿದೆ, ಆದರೆ ಪ್ಲೂಟೊಗೆ ಅನ್ಯಾಯ ಆಗಿದ್ದನ್ನು ಯಾರೂ ಹೇಳುತ್ತಿಲ್ಲ. ನಾವು ಓದುವಾಗ ಒಂಬತ್ತು ಗ್ರಹ. ಗುಂಡಗಿದೆ, ಸೂರ್ಯನನ್ನು ಸುತ್ತುತ್ತೆ, ಒಂದಲ್ಲ ಐದು ಚಂದ್ರ ಇವೆ. ನಾಲ್ಕು ಜನ ಕೂತು ಕೈ ಎತ್ತಿದರೆ ಗ್ರಹ ಅಲ್ಲದೆ ಹೋಗುತ್ತಾ? ದಾರಿ ಚೊಕ್ಕ ಮಾಡೋದು ಅಂತೆ. ಗುರುವಿನ ದಾರಿಯಲ್ಲೇ ಟ್ರೋಜನ್ ಅಂತ ಸಾವಿರಗಟ್ಟಲೆ ಕಲ್ಲುಗಳಿವೆ, ಅದಕ್ಕೆ ಯಾಕೆ ಕೇಳಲಿಲ್ಲ?

ಟೆರೇಸ್ ಟೆಲಿಸ್ಕೋಪ್, ಚಿಂತಾಮಣಿ

ಅಣ್ಣ, ಆ ಕಲ್ಲುಗಳು ಗುರುವಿನ ಹಿಡಿತದಲ್ಲೇ ಇವೆ, ಗುರುವಿನ ಮುಂದೆ 60 ಡಿಗ್ರಿ, ಹಿಂದೆ 60 ಡಿಗ್ರಿ, ಅದು ಎಳೆದಂತೆ ಓಡುತ್ತವೆ. ದಾರಿಯ ಯಜಮಾನ ಯಾರು ಅನ್ನೋದರಲ್ಲಿ ಅನುಮಾನ ಇಲ್ಲ. ಪ್ಲೂಟೊ ವಿಷಯದಲ್ಲಿ ಉಲ್ಟಾ, ಅದರ ಓಟವನ್ನು ನೆಪ್ಚೂನ್ ಹಿಡಿದಿಟ್ಟಿದೆ. ನೆಪ್ಚೂನ್ ಮೂರು ಸುತ್ತು ಬರುವಷ್ಟರಲ್ಲಿ ಪ್ಲೂಟೊ ಸರಿಯಾಗಿ ಎರಡು.

ಮತ್ತೆ ಪದವಿ ಹೋದದ್ದು ಪ್ಲೂಟೊ ಒಂದಕ್ಕೇ ಅಲ್ಲ. 1801ರಲ್ಲಿ ಸಿಕ್ಕ ಸೀರಿಸ್ ಎಷ್ಟೋ ವರ್ಷ ಗ್ರಹ ಅಂತಲೇ ಪುಸ್ತಕಗಳಲ್ಲಿ ಇತ್ತು. ಆಮೇಲೆ ಆಕಾಶದಲ್ಲಿ ಅದು ಸುತ್ತುವ ಜಾಗದಲ್ಲೇ ಅಂಥವೇ ಒಂದಾದ ಮೇಲೊಂದು ಸಿಕ್ಕವು, ಎಲ್ಲವನ್ನೂ ಕ್ಷುದ್ರಗ್ರಹ ಅಂತ ಪಕ್ಕಕ್ಕಿಟ್ಟರು. ಪ್ಲೂಟೊಗೂ ಅದೇ ಆಯಿತು. 2005ರಲ್ಲಿ ಏರಿಸ್ ಸಿಕ್ಕಿತು, ಅಳತೆಯಲ್ಲಿ ಪ್ಲೂಟೊಗೆ ಹತ್ತಿರ ಹತ್ತಿರ ಸಮ. ಪ್ಲೂಟೊ ಗ್ರಹ ಆದರೆ ಅದೂ ಗ್ರಹ, ಇನ್ನೆಷ್ಟೋ ಬರುತ್ತಿದ್ದವು. ಈ ತೀರ್ಮಾನ ಒಪ್ಪದ ವಿಜ್ಞಾನಿಗಳು ಈಗಲೂ ಇದ್ದಾರೆ, ನೀವೊಬ್ಬರೇ ಅಲ್ಲ. ಆದರೆ ಈ ಚರ್ಚೆಯ ಲೆಕ್ಕದಲ್ಲಿ ಪ್ಲೂಟೊ ಹೊರಗಿನದೇ ಅನ್ನಿಸುತ್ತದೆ. ಎಂಟೂ ಒಂದೇ ಮಟ್ಟ ಹಿಡಿದರೆ ಅದರ ಕಕ್ಷೆ 17 ಡಿಗ್ರಿ ಓರೆ.

ಗೌರಿಬಿದನೂರಿನವಳು

ಎಂ.ಎಸ್ಸಿ. ಫಿಸಿಕ್ಸ್ ಮಾಡುತ್ತಿದ್ದೇನೆ, ಊರ ಹೆಸರು ಬಂತಲ್ಲ ಅಂತ ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ. "ಗ್ರಹ ಅಂದರೆ ಒಂದೇ ದಿಕ್ಕಿಗೆ ಸುತ್ತಲೇಬೇಕು" ಅಂತ ನಿಯಮದ ಥರ ಬರೆಯಬೇಡಿ. ಇದು ನಮ್ಮ ಸೌರಮಂಡಲದ ಮಾತು. ಬೇರೆ ನಕ್ಷತ್ರಗಳಲ್ಲಿ ತನ್ನ ನಕ್ಷತ್ರ ತಿರುಗುವ ದಿಕ್ಕಿಗೆ ಎದುರಾಗಿ ಸುತ್ತುವ ಗ್ರಹಗಳು ಸಿಕ್ಕಿವೆ. 2009ರಲ್ಲಿ ಪ್ರಕಟವಾದ ವಾಸ್ಪ್-17ಬಿ ಅಂಥದ್ದು. ಅಲ್ಲಿ ಹುಟ್ಟಿದ ಮೇಲೆ ಎಳೆದಾಟ ಜೋರಾಗಿ ನಡೆದಿರಬೇಕು. ನಮ್ಮಲ್ಲಿ ಹುಟ್ಟಿನ ಗುರುತು ಅಳಿಸಿಲ್ಲ ಅನ್ನೋದೇ ಸುದ್ದಿ.

ಮೇಷ್ಟ್ರು ಹೇಳಿದ ಚಪ್ಪಟೆ ತಟ್ಟೆಯ ಫೋಟೊನೇ ಇದೆ. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕದವರು ಎಚ್ಎಲ್ ಟೌರಿ ಅನ್ನೋ ಎಳೆ ನಕ್ಷತ್ರದ ಚಿತ್ರ ತೆಗೆದರು, ಸುತ್ತ ದೂಳಿನ ತಟ್ಟೆ, ಅದರಲ್ಲಿ ಗೆರೆ ಗೆರೆಯಾಗಿ ಖಾಲಿ ಜಾಗ. ಅದರ ಪ್ರಿಂಟ್ ತೆಗೆದು ಚಾರ್ಟ್ ಮಧ್ಯೆ ಅಂಟಿಸಿ.

ಮಾಡೆಲ್‌ಗೆ ಥರ್ಮೋಕೋಲ್ ಉಂಡೆ ಬೇಡ ಅಕ್ಕ. ದಾರ ಸಾಕು. ಭೂಮಿ ಸೂರ್ಯರ ದೂರ 1 ಮೀಟರ್ ಅಂತ ಇಡಿ. ಸೂರ್ಯನ ಅಗಲ 9 ಮಿಲಿಮೀಟರ್ ಚಿಲ್ಲರೆ ಬರುತ್ತದೆ, ನಿಮ್ಮ ಶಿರಾ ಕಡೆಯ ಕಡ್ಲೆಬೀಜವೇ ಸೂರ್ಯ. ಭೂಮಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇಲ್ಲ, ಪೆನ್ಸಿಲಲ್ಲಿ ಚುಕ್ಕಿ ಇಟ್ಟರೂ ದೊಡ್ಡದಾಯಿತು. ಬುಧ 39 ಸೆಂ.ಮೀ.ನಲ್ಲಿ, ಗುರು 5.2 ಮೀಟರಲ್ಲಿ, ನೆಪ್ಚೂನ್ 30 ಮೀಟರಲ್ಲಿ. ಶಾಲೆ ವರಾಂಡದಲ್ಲಿ ಹಿಡಿಸದಿದ್ದರೆ ಮೈದಾನದಲ್ಲಿ ಸಾಲಾಗಿ ಮಕ್ಕಳನ್ನೇ ನಿಲ್ಲಿಸಿ. ಉಂಡೆಗಳೆಲ್ಲ ಪಕ್ಕಪಕ್ಕ ಇರುವ ಚಾರ್ಟ್ ನೋಡಿ ಬೆಳೆದವರಿಗೆ ಇದೊಂದು ಶಾಕ್ ಇರಲಿ.

ಶಿರಾದ ಅಮ್ಮ

ದಾರದ್ದು ಮಗಳಿಗೆ ತುಂಬಾ ಹಿಡಿಸಿತು, ಈಗಲೇ ಅಳತೆ ಟೇಪು ಹುಡುಕುತ್ತಿದ್ದಾಳೆ. ಅತ್ತೆ ಸಾಡೇಸಾತಿ ಲೆಕ್ಕ ಕೇಳಿ, "ಅದನ್ನೇ ಅಲ್ವಾ ನಾನು ಹೇಳಿದ್ದು" ಅಂದರು. ಏನು ಹೇಳಿದ್ದರೋ ನನಗೆ ಗೊತ್ತಿಲ್ಲ, ಇರಲಿ.

ದಾರದಲ್ಲಿ ಆ 7 ಡಿಗ್ರಿ, 17 ಡಿಗ್ರಿ ಓರೆ ತೋರಿಸೋಕೆ ಆಗುತ್ತಾ?

ಗೌರಿಬಿದನೂರಿನವಳು

ಆಗುತ್ತೆ. ದಾರದ ಮಟ್ಟ ಭೂಮಿಯ ಕಕ್ಷೆ ಅಂತ ಇಟ್ಟುಕೊಳ್ಳಿ. ಬುಧ ತನ್ನ 39 ಸೆಂ.ಮೀ. ದೂರದಲ್ಲಿ ಜಾಸ್ತಿ ಅಂದರೆ 5 ಸೆಂ.ಮೀ. ಹತ್ತಿರ ಮೇಲೇಳುತ್ತದೆ, ಒಂದು ಕಡ್ಡಿ ಚುಚ್ಚಿ ತುದಿಯಲ್ಲಿ ಮಣಿ ಇಟ್ಟರೆ ಆಯಿತು. ನೆಪ್ಚೂನ್ ಓರೆ ಎರಡು ಡಿಗ್ರಿಗಿಂತ ಕಡಿಮೆ, ಆದರೂ 30 ಮೀಟರ್ ದೂರ ಇರೋದರಿಂದ ಸುಮಾರು 90 ಸೆಂ.ಮೀ. ಮೇಲೆ ಬರುತ್ತದೆ, ಅಲ್ಲಿ ನಿಲ್ಲುವ ಮಗು ಕೈಯಲ್ಲಿ ಹಿಡಿದುಕೊಳ್ಳಲಿ.

ಪ್ಲೂಟೊ ಕಷ್ಟ. ಸರಾಸರಿ ದೂರ ಇಟ್ಟು ಲೆಕ್ಕ ಹಾಕಿದರೆ 39.5 ಮೀಟರ್ ಆಚೆ, 11 ಮೀಟರಿಗಿಂತ ಮೇಲೆ. ನಿಮ್ಮ ಶಾಲೆಗೆ ಮೂರು ಮಹಡಿ ಇದ್ದರೆ ಟೆರೇಸಿಂದ ನೇತು ಹಾಕಿ, ತುಮಕೂರಿನ ಅಣ್ಣನನ್ನೇ ಕರೆದರೆ ಅವರೇ ಹಿಡಿದುಕೊಂಡು ನಿಂತಾರು.